ಕ್ರಯಪತ್ರದಲ್ಲಿ ಇಲ್ಲದ ಹೆಸರು

ಕಳೆದ ಮಳೆಗಾಲದ ಒಂದು ಭಾನುವಾರ ಅವಳು ನಮ್ಮ ಮನೆಗೆ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ದಪ್ಪ ಕವರೊಂದಿತ್ತು. ಕುಳಿತವಳೇ ಅದನ್ನು ಊಟದ ಮೇಜಿನ ಮೇಲೆ ಸುರಿದಳು. ಏಳು ವರ್ಷದ ಕಾಗದಗಳು. ಗ್ಯಾಸ್ ಸಿಲಿಂಡರಿನ ರಸೀದಿ, ಬೆಸ್ಕಾಂ ಬಿಲ್ಲು, ಔಷಧಿ ಅಂಗಡಿಯ ಚೀಟಿಗಳು, ಹಾಲಿನ ಲೆಕ್ಕದ ಪುಟ್ಟ ಪುಸ್ತಕ, ಬಡಗಿ ಕೈಯಲ್ಲೇ ಬರೆದುಕೊಟ್ಟ ವಾರ್ಡ್‌ರೋಬಿನ ಎಸ್ಟಿಮೇಟು. ಸೂಪರ್ ಮಾರ್ಕೆಟ್ಟಿನ ಬಿಲ್ಲುಗಳಲ್ಲಿ ಅರ್ಧದಷ್ಟು ಖಾಲಿ ಹಾಳೆಗಳಾಗಿದ್ದವು. ಆ ನುಣುಪು ಕಾಗದದ ಅಕ್ಷರ ಒಂದೆರಡು ವರ್ಷಕ್ಕೇ ಮಾಸಿಹೋಗುತ್ತದೆ.

“ಅಕ್ಕಾ, ಇದರಲ್ಲಿ ಯಾವುದಾದ್ರೂ ಕೋರ್ಟಿಗೆ ಆಗುತ್ತಾ ನೋಡಿ” ಅಂದಳು.

ಹಾಸನದ ಕಡೆಯ ಹುಡುಗಿ. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಜತೆಗೆ ಕೆಲಸ ಮಾಡುತ್ತಿದ್ದವನೊಂದಿಗೆ ಮದುವೆಯಾಗದೆ ಏಳು ವರ್ಷ ಒಂದೇ ಮನೆಯಲ್ಲಿದ್ದಳು. ಮೂರನೆಯ ವರ್ಷ ಎರಡು ಬೆಡ್‌ರೂಮಿನ ಫ್ಲ್ಯಾಟು ಕೊಂಡರು. ಕ್ರಯಪತ್ರ ಅವನ ಹೆಸರಿಗೆ, ಸಾಲ ಅವನ ಹೆಸರಿಗೆ, ತಿಂಗಳ ಕಂತು ಅವನ ಖಾತೆಯಿಂದ. ಅವನ ಸಂಬಳದ ಮುಕ್ಕಾಲು ಪಾಲು ಕಂತಿಗೇ ಹೋಗುತ್ತಿದ್ದುದರಿಂದ ಉಳಿದದ್ದೆಲ್ಲ ಅವಳ ಹೊಣೆ. ದಿನಸಿ, ಕರೆಂಟು, ಕೆಲಸದವಳ ಸಂಬಳ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸು, ಅವನ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ, ಅಡುಗೆಮನೆಯ ಕಪಾಟುಗಳು. ಇಬ್ಬರೂ ಕೂತು ಮಾತಾಡಿ ಮಾಡಿಕೊಂಡ ಏರ್ಪಾಡೇ ಅದು. ಬರೆದಿಟ್ಟುಕೊಂಡಿರಲಿಲ್ಲ ಅಷ್ಟೆ. ಈಗಲೂ ಅವಳು “ನಾವು ಕೊಂಡ್ವಿ” ಅಂತಲೇ ಹೇಳುತ್ತಾಳೆ.

ವಕೀಲರ ಬಳಿ ಹೋದಾಗ ಅವರು ಕವರನ್ನು ಬಿಚ್ಚಲೇ ಇಲ್ಲವಂತೆ. “ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆಯೇನಮ್ಮಾ?” ಎಂದು ಕೇಳಿದರು. ಇಲ್ಲ ಅಂದಳು. “ಹಾಗಾದರೆ ಕಷ್ಟ” ಅಂದರು.

ಆ ವಕೀಲರು ಒರಟಾಗಿ ಮಾತಾಡಿದ್ದಲ್ಲ, ಇರುವುದನ್ನೇ ಹೇಳಿದ್ದು. ಮದುವೆಯಾಗದ ಜೋಡಿ ಬೇರೆಯಾದಾಗ ಆಸ್ತಿಯನ್ನು ಹೀಗೆ ಹಂಚಬೇಕು ಎಂದು ಹೇಳುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ವಯಸ್ಕರಿಬ್ಬರು ಮದುವೆಯಿಲ್ಲದೆ ಒಟ್ಟಿಗೆ ಬದುಕುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು, 2010ರಲ್ಲಿ ಮತ್ತೆ ಹೇಳಿತು. ಅಪರಾಧವಲ್ಲ ಎನ್ನುವುದು ಬೇರೆ, ಹಕ್ಕಿದೆ ಎನ್ನುವುದು ಬೇರೆ. ನಿಜ ಹೇಳಬೇಕೆಂದರೆ ತಾಳಿ ಕಟ್ಟಿಸಿಕೊಂಡವಳಿಗೂ ಗಂಡನ ಹೆಸರಿನ ಮನೆಯಲ್ಲಿ ಅರ್ಧ ಪಾಲು ಬರುವುದಿಲ್ಲ. ಮದುವೆಯಾದೊಡನೆ ಆಸ್ತಿ ಇಬ್ಬರದಾಗುವ ಪದ್ಧತಿ ಉಳಿದಿರುವುದು ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಇರುವ ಗೋವಾದಲ್ಲಿ. ಮಿಕ್ಕ ಕಡೆ ಹೆಂಡತಿಗೆ ಜೀವನಾಂಶವಿದೆ, ಗಂಡ ಸತ್ತರೆ ವಾರಸುದಾರಿಕೆ ಇದೆ. ಮದುವೆಯಾಗದವಳಿಗೆ ವಾರಸುದಾರಿಕೆಯೂ ಇಲ್ಲ. ಜೀವನಾಂಶಕ್ಕೆ ಅವಳು ಮೊದಲು ತನ್ನ ಸಂಬಂಧ ಎಂಥದು ಎಂಬುದನ್ನೇ ಸಾಬೀತು ಮಾಡಬೇಕು.

ಈ ಸಾಬೀತು ಮಾಡುವ ಕೆಲಸ ಎಷ್ಟು ಕಠಿಣ ಎಂದು ದೇಶಕ್ಕೆ ತಿಳಿಸಿದ ಪ್ರಕರಣ ನಮ್ಮ ಬೆಂಗಳೂರಿನದೇ. ಒಂದೇ ಖಾಸಗಿ ಕಂಪನಿಯಲ್ಲಿ ಇಬ್ಬರೂ ಕೆಲಸಕ್ಕಿದ್ದರು. ಅವಳಿಗೆ 33 ವರ್ಷ, ಮದುವೆಯಾಗಿರಲಿಲ್ಲ. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. 1992ರಲ್ಲಿ ಅವಳು ಕೆಲಸ ಬಿಟ್ಟು ಅವನ ಜತೆ ಇರತೊಡಗಿದಳು. ಅವಳ ತವರಿನವರೂ ವಿರೋಧಿಸಿದರು, ಅವನ ಮನೆಯವರೂ ವಿರೋಧಿಸಿದರು. ಅವಳ ಹೆಸರಿನಲ್ಲಿ ಒಂದು ವ್ಯಾಪಾರ ಶುರುವಾಯಿತು, ಅದರಿಂದ ಬಂದ ಸಂಪಾದನೆಯಲ್ಲಿ ಇಬ್ಬರೂ ಬದುಕಿದರು. ಆಮೇಲೆ ಅವನು ಆ ವ್ಯಾಪಾರವನ್ನು ತನ್ನ ಮನೆಗೆ ಸಾಗಿಸಿ ಮಗನೊಂದಿಗೆ ನಡೆಸತೊಡಗಿದ ಎಂಬುದು ಅವಳ ದೂರು. ವರ್ಷಗಳು ಕಳೆದ ಮೇಲೆ ಅವನು ಕೈಬಿಟ್ಟಾಗ ಅವಳು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಮೆಟ್ಟಿಲೇರಿದಳು. ತಿಂಗಳಿಗೆ 18,000 ರೂಪಾಯಿ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, ಹೈಕೋರ್ಟ್ ರದ್ದು ಮಾಡಿತು. 2013ರ ನವೆಂಬರ್ 26ರಂದು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಹೈಕೋರ್ಟಿನ ಮಾತನ್ನೇ ಒಪ್ಪಿತು. ಅವನು ಮದುವೆಯಾದವನು ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಇದು ‘ಮದುವೆಯ ಸ್ವರೂಪದ ಸಂಬಂಧ’ ಅಲ್ಲ ಎಂಬುದು ತೀರ್ಪು.

ತೀರ್ಪನ್ನು ಓದುವಾಗ ಆ ಮೊದಲ ಹೆಂಡತಿಯ ಮತ್ತು ಮಕ್ಕಳ ನೋವನ್ನು ನ್ಯಾಯಮೂರ್ತಿಗಳು ಮರೆತಿಲ್ಲ ಎಂಬುದು ಕಾಣುತ್ತದೆ, ಅದನ್ನು ನಾನೂ ಗೌರವಿಸುತ್ತೇನೆ. ಆದರೆ ಅಷ್ಟು ವರ್ಷ ಅವನೊಡನೆ ಬಾಳಿ, ಕೆಲಸವನ್ನೂ ಬಿಟ್ಟ ಹೆಂಗಸು ಬರಿಗೈಯಲ್ಲಿ ಹೋದಳು, ಅವನು ಒಂದು ರೂಪಾಯಿಯನ್ನೂ ಕೊಡಬೇಕಾಗಲಿಲ್ಲ. ತಪ್ಪು ಇಬ್ಬರದೂ ಆಗಿದ್ದರೆ ದಂಡ ಒಬ್ಬಳಿಗೇ ಏಕೆ? ಪೀಠವನ್ನೂ ಇದು ಕಾಡಿರಬೇಕು. ಇಂಥ ಸಂಬಂಧಗಳಲ್ಲಿ ಸಿಕ್ಕಿಕೊಂಡ ಬಡವರು, ಓದುಬರಹ ಇಲ್ಲದವರು ಅನುಭವಿಸುವ ಕಷ್ಟವನ್ನು ಪ್ರಸ್ತಾಪಿಸಿ, ಸಂಸತ್ತು ಇದಕ್ಕೆ ಸರಿಯಾದ ಕಾನೂನು ತರಬೇಕು ಎಂದು ಅದೇ ತೀರ್ಪಿನಲ್ಲಿ ಹೇಳಿತು. ಆ ಕಾನೂನು ಇನ್ನೂ ಬಂದಿಲ್ಲ.

‘ಮದುವೆಯ ಸ್ವರೂಪದ ಸಂಬಂಧ’ ಎಂಬ ಮಾತು ಬಂದಿರುವುದು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆಯಲ್ಲಿ. ಅದಕ್ಕೆ ಅರ್ಥ ಕೊಟ್ಟಿದ್ದು 2010ರ ಅಕ್ಟೋಬರ್‌ನಲ್ಲಿ, ಕೊಯಮತ್ತೂರಿನಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್. ಇಬ್ಬರೂ ಸಮಾಜದ ಮುಂದೆ ಗಂಡ ಹೆಂಡತಿಯರಂತೆ ಕಾಣಿಸಿಕೊಂಡಿರಬೇಕು, ಮದುವೆಯ ವಯಸ್ಸಾಗಿರಬೇಕು, ಮದುವೆಯಾಗಲು ಬೇರೆ ಅಡ್ಡಿ ಇರಬಾರದು, ಸ್ವಇಚ್ಛೆಯಿಂದ ಸಾಕಷ್ಟು ಕಾಲ ಜತೆಗಿದ್ದಿರಬೇಕು. ಅದೇ ತೀರ್ಪಿನಲ್ಲಿ, ನಮ್ಮ ಹಳ್ಳಿಗಳಲ್ಲಿ ‘ಇಟ್ಟುಕೊಂಡವಳು’ ಎನ್ನುತ್ತಾರಲ್ಲ, ಅದಕ್ಕೆ ಸಮನಾದ ಇಂಗ್ಲಿಷ್ ಪದವನ್ನೂ ಬಳಸಲಾಗಿತ್ತು. ಆಗ ಹೆಚ್ಚುವರಿ ಸಾಲಿಸಿಟರ್ ಜನರಲ್ ಆಗಿದ್ದ ಇಂದಿರಾ ಜೈಸಿಂಗ್ ಆ ಪದಕ್ಕೆ ನ್ಯಾಯಾಲಯದಲ್ಲೇ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಅವರು ಎತ್ತಿದ್ದು ಸರಿ. ಅಂಥ ಪದ ಹೆಂಗಸನ್ನು ಒಬ್ಬರ ವಸ್ತುವಾಗಿ ಮಾಡುತ್ತದೆ. ವಸ್ತು ಪಾಲು ಕೇಳುವುದುಂಟೆ?

ಮೊದಲನೆಯ ಷರತ್ತನ್ನು ಇನ್ನೊಮ್ಮೆ ಓದಿ. ಗಂಡ ಹೆಂಡತಿಯರಂತೆ ಕಾಣಿಸಿಕೊಂಡಿರಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಜೋಡಿಗಳಿಗೆ ಗೊತ್ತು, ಮದುವೆಯಾಗಿಲ್ಲ ಎಂದರೆ ಓನರು ಬಾಗಿಲು ಹಾಕಿಕೊಳ್ಳುತ್ತಾರೆ. ಹಾಗಾಗಿ ಎಷ್ಟೋ ಮಂದಿ ಕರಾರಿನಲ್ಲಿ ‘ಪತ್ನಿ’ ಎಂದು ಬರೆಸುತ್ತಾರೆ. ಮನೆಗಾಗಿ ಹೇಳಿದ ಆ ಸುಳ್ಳು ಮುಂದೊಂದು ದಿನ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತದೆ. “ನಾವು ಮದುವೆಯಾಗಿಲ್ಲ, ಜತೆಗಿದ್ದೇವೆ” ಎಂದು ಎಲ್ಲರಿಗೂ ನೇರವಾಗಿ ಹೇಳಿಕೊಂಡು ಬದುಕಿದವರ ಕೈಯಲ್ಲಿ ಆ ಸಾಕ್ಷಿ ಇರುವುದಿಲ್ಲ. ನನ್ನ ಗೆಳತಿ ಈ ಎರಡನೆಯ ಗುಂಪಿನವಳು.

ಷರತ್ತುಗಳನ್ನೆಲ್ಲ ದಾಟಿದರೂ ಆ ಕಾಯ್ದೆ ಕೊಡುವುದು ನೆರಳನ್ನು, ಪಾಲನ್ನಲ್ಲ. ಜತೆಗೆ ಬಾಳಿದ ಮನೆಯಲ್ಲಿ ಹೆಂಗಸಿಗೆ ಸ್ವಂತ ಹಕ್ಕು ಇರಲಿ ಇಲ್ಲದಿರಲಿ, ಅಲ್ಲಿ ವಾಸಿಸುವ ಹಕ್ಕಿದೆ. ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಹಾಕುವಂತಿಲ್ಲ. ಬೇಕಿದ್ದರೆ ಮ್ಯಾಜಿಸ್ಟ್ರೇಟರು ಅದೇ ಮಟ್ಟದ ಬೇರೆ ಮನೆ ಮಾಡಿಕೊಡಲು, ಇಲ್ಲವೇ ಬಾಡಿಗೆ ಕಟ್ಟಲು ಹೇಳಬಹುದು. ಅವಳದಾದ ಒಡವೆ ವಸ್ತುಗಳನ್ನು ಹಿಂತಿರುಗಿಸಲು ಆದೇಶಿಸಬಹುದು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಎಂದೂ ಕಾಯ್ದೆಯಲ್ಲಿದೆ. ಬೀದಿಗೆ ಬಿದ್ದವಳಿಗೆ ಇದು ದೊಡ್ಡ ಆಸರೆ, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಈ ಆಸರೆ ಹೊಡೆತ, ಬೈಗುಳ, ಹಣ ತಡೆಹಿಡಿದದ್ದು ಮೊದಲಾದ ದೌರ್ಜನ್ಯ ನಡೆದಿದ್ದರೆ ಮಾತ್ರ. “ಇನ್ನು ನಮಗಾಗದು” ಎಂದು ಗೌರವದಿಂದ ಬೇರೆಯಾದವರಿಗೆ ಇಲ್ಲಿ ಜಾಗವಿಲ್ಲ. ಗಂಡಸರಿಗೂ ಇಲ್ಲ.

ಹಾಗಾದರೆ ಪಾಲಿನ ಪ್ರಶ್ನೆ ಎಲ್ಲಿ ತೀರ್ಮಾನವಾಗುತ್ತದೆ? ಸಿವಿಲ್ ನ್ಯಾಯಾಲಯದಲ್ಲಿ, ಪ್ರೀತಿ ಎಂಬ ಪದವೇ ಇಲ್ಲದ ಹಳೆಯ ಕಾನೂನುಗಳ ಅಡಿಯಲ್ಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೆಯ ಕಲಮನ್ನು ಜಂಟಿಯಾಗಿ ಮನೆ ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಇಬ್ಬರು ಸೇರಿ ಆಸ್ತಿ ಕೊಂಡರೆ, ಬೇರೆ ಕರಾರು ಇಲ್ಲದಿದ್ದಾಗ, ಯಾರು ಎಷ್ಟು ಹಣ ಹಾಕಿದರೋ ಅಷ್ಟೇ ಪಾಲು. ಎಷ್ಟು ಹಾಕಿದರು ಎಂಬುದಕ್ಕೆ ಸಾಕ್ಷ್ಯವೇ ಇಲ್ಲದಿದ್ದರೆ ಸಮಪಾಲು. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದ್ದರೆ ಮಾತಾಡಲು ನೆಲವಾದರೂ ಇರುತ್ತದೆ. ಅಲ್ಲೂ ಒಂದು ಮಾತು ಗಮನಿಸಿ. ಲೆಕ್ಕಕ್ಕೆ ಬರುವುದು ಆಸ್ತಿಯ ಬೆಲೆಗೆ ಕೊಟ್ಟ ಹಣ. ಒಬ್ಬರು ಕಂತು ಕಟ್ಟಿ ಇನ್ನೊಬ್ಬರು ಅಕ್ಕಿ ಬೇಳೆ ತಂದಿದ್ದರೆ, ಕಂತು ಬ್ಯಾಂಕಿನ ಪುಸ್ತಕದಲ್ಲಿ ಅಚ್ಚಾಗಿ ನಿಲ್ಲುತ್ತದೆ, ಅಕ್ಕಿ ಬೇಳೆ ಉಂಡಲ್ಲಿಗೆ ಮುಗಿಯಿತು. ಅವಳ ಆ ಕವರಿನ ಕಥೆ ಇಷ್ಟೇ. ಆಕೆ ಅಷ್ಟು ಖರ್ಚು ಹೊರದಿದ್ದರೆ ಅವನು ಆ ಕಂತು ಕಟ್ಟಲು ಸಾಧ್ಯವೇ ಇರಲಿಲ್ಲ ಎನ್ನುವ ಸತ್ಯಕ್ಕೆ ಆ ಕಲಮಿನಲ್ಲಿ ಮನೆಯಿಲ್ಲ.

ಇನ್ನು, ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಹೆಸರಿಗೆ ಸೈಟು ಬರೆಸುವವರಿದ್ದಾರೆ. ಪ್ರೀತಿಯಿಂದ ಬರೆಸುತ್ತಾರೆ, ಕೆಲವೊಮ್ಮೆ ಮನೆಯವರಿಗೆ ತಿಳಿಯದಿರಲಿ ಎಂದು ಬರೆಸುತ್ತಾರೆ. ಇದು ಎಲ್ಲಕ್ಕಿಂತ ದೊಡ್ಡ ಗುಂಡಿ. ಬೇನಾಮಿ ವ್ಯವಹಾರ ತಡೆಯುವ 1988ರ ಕಾಯ್ದೆಯನ್ನು 2016ರಲ್ಲಿ ಬಿಗಿಗೊಳಿಸಲಾಯಿತು. ಲೆಕ್ಕ ತೋರಿಸಬಲ್ಲ ಹಣದಿಂದ ಹೆಂಡತಿ, ಗಂಡ ಅಥವಾ ಮಕ್ಕಳ ಹೆಸರಿಗೆ ಕೊಂಡರೆ ಬೇನಾಮಿಯಲ್ಲ ಎಂಬ ವಿನಾಯಿತಿ ಅದರಲ್ಲಿದೆ. ಮದುವೆಯಾಗದ ಸಂಗಾತಿಗೆ ಆ ವಿನಾಯಿತಿ ಇಲ್ಲ. ಬೇರೆಯಾದ ಮೇಲೆ “ದುಡ್ಡು ನನ್ನದು, ಹೆಸರು ಮಾತ್ರ ಅವಳದು” ಎಂದು ದಾವೆ ಹೂಡಿದರೆ, ನಿಜವಾದ ಮಾಲೀಕ ನಾನೆಂದು ಹೇಳಿಕೊಳ್ಳುವ ದಾವೆಗೇ ಕಾಯ್ದೆಯ 4ನೆಯ ಕಲಮು ಅಡ್ಡ ನಿಲ್ಲುತ್ತದೆ. ಆ ಮಾತನ್ನೇ ಹಿಡಿದು ಸರ್ಕಾರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲೂಬಹುದು. ಒಂದರಿಂದ ಏಳು ವರ್ಷದವರೆಗೆ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ. ಅಲ್ಲ, ಅದು ಉಡುಗೊರೆ ಎಂದರೆ ಬೇನಾಮಿಯ ತಲೆನೋವಿಲ್ಲ, ಆದರೆ ಕೊಟ್ಟ ಉಡುಗೊರೆಯನ್ನು ವಾಪಸು ಕೇಳುವ ಹಕ್ಕೂ ಇಲ್ಲ. ಈ ಗುಂಡಿಗೆ ಬೀಳುವವರಲ್ಲಿ ಗಂಡಸರೇ ಹೆಚ್ಚು ಎಂದು ನನ್ನ ಅನಿಸಿಕೆ.

ಸರಿಯಾಗಿ ಕಾಗದ ಮಾಡಿಕೊಳ್ಳಲು ಹೊರಟವರಿಗೂ ಸರ್ಕಾರ ಅಪರಿಚಿತರ ದರವನ್ನೇ ಹಾಕುತ್ತದೆ. ಕರ್ನಾಟಕದಲ್ಲಿ ಕುಟುಂಬದವರ ನಡುವಿನ ದಾನಪತ್ರಕ್ಕೆ, ಹಕ್ಕು ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಸಂಗಾತಿ ಕುಟುಂಬದ ಪಟ್ಟಿಯಲ್ಲಿಲ್ಲ, ಮಾರಾಟಕ್ಕೆ ಕಟ್ಟುವಂತೆಯೇ ಕಟ್ಟಬೇಕು. ಆದಾಯ ತೆರಿಗೆಯಲ್ಲೂ ಹಾಗೆಯೇ. ಗಂಡ ಹೆಂಡತಿಗೆ ಎಷ್ಟು ಕೊಟ್ಟರೂ ಅವಳಿಗೆ ಅದು ತೆರಿಗೆಯ ಆದಾಯವಲ್ಲ. ಸಂಗಾತಿ ವರ್ಷಕ್ಕೆ 50,000 ರೂಪಾಯಿ ಮೀರಿ ಕೊಟ್ಟರೆ ಪಡೆದವರ ಆದಾಯಕ್ಕೆ ಸೇರುತ್ತದೆ.

ಫ್ಲ್ಯಾಟು ಕೊಳ್ಳುವಷ್ಟು ಇಲ್ಲದವರ ಕಥೆ ಭೋಗ್ಯದ ಮನೆಯದು. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಏಳೆಂಟು ಲಕ್ಷವೋ ಹತ್ತು ಲಕ್ಷವೋ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣ ವಾಪಸು ಪಡೆಯುವುದು. ಆಟೋ ಓಡಿಸುವವನೂ ಗಾರ್ಮೆಂಟ್ಸಿಗೆ ಹೋಗುವವಳೂ ಸೇರಿ ಇಂಥ ಮನೆ ಹಿಡಿದಾಗ, ಅವಳು ಚೀಟಿ ಎತ್ತಿ, ಬಳೆ ಅಡವಿಟ್ಟು ತನ್ನ ಪಾಲು ತಂದಿರುತ್ತಾಳೆ. ಛಾಪಾ ಕಾಗದದಲ್ಲಿ ಹೆಸರು ಅವನದು, ಏಕೆಂದರೆ ಓನರು “ಯಜಮಾನರು ಸೈನ್ ಹಾಕಲಿ” ಅನ್ನುತ್ತಾರೆ. ಜಗಳವಾಗಿ ಬೇರೆಯಾದ ದಿನ ಓನರು ಹಣ ಕೊಡುವುದು ಕರಾರಿನಲ್ಲಿ ಹೆಸರಿದ್ದವನಿಗೆ. ಇದರಲ್ಲಿ ಓನರದು ತಪ್ಪಿಲ್ಲ. ಅವಳು ಚೀಟಿ ದುಡ್ಡನ್ನು ನೋಟಿನಲ್ಲಿ ಕೊಟ್ಟಿದ್ದರೆ ಅದು ಕೊಟ್ಟೇ ಇಲ್ಲದಂತೆ. ಮದುವೆ, ಆಸ್ತಿ ಎಂದು ದೊಡ್ಡ ಮಾತಾಡುವಾಗ ಈ ನಾಲ್ಕೈದು ಲಕ್ಷದ ಜಗಳಗಳನ್ನು ಯಾರೂ ಎಣಿಸುವುದಿಲ್ಲ, ಕೋರ್ಟಿನವರೆಗೂ ಅವು ಬರುವುದಿಲ್ಲ.

ಬಂದರೂ ಕಾಲದ ಲೆಕ್ಕವಿದೆ. ಕೈಗಡ ಕೊಟ್ಟದ್ದು ಎಂದು ದಾವೆ ಹೂಡುವುದಾದರೆ, ಮರಳಿಸುವ ದಿನ ಗೊತ್ತು ಮಾಡಿರದಿದ್ದರೆ, ಸಾಮಾನ್ಯವಾಗಿ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ಹೂಡಬೇಕು. ಏಳು ವರ್ಷ ಜತೆಗಿದ್ದವರ ಮೊದಲ ನಾಲ್ಕು ವರ್ಷದ ಹಣ ಅಲ್ಲಿಗೇ ಹೋಯಿತು. ಜತೆಯಲ್ಲಿ ಬಾಳುತ್ತಿರುವಾಗ ಯಾರು ಯಾರ ಮೇಲೆ ದಾವೆ ಹೂಡುತ್ತಾರೆ?

ಇಬ್ಬರ ಹೆಸರಲ್ಲೂ ಇರುವ ಫ್ಲ್ಯಾಟನ್ನು ಗೋಡೆ ಹಾಕಿ ಭಾಗ ಮಾಡಲಾಗದು. 1893ರ ವಿಭಾಗ ಕಾಯ್ದೆಯ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಪಾಲಿರುವವರು ಕೇಳಿಕೊಂಡರೆ ಮಾರಿ ಹಣ ಹಂಚಲು ನ್ಯಾಯಾಲಯ ಹೇಳಬಹುದು, ಅದು ಕಟ್ಟಿದ ಬೆಲೆಗೆ ಇನ್ನೊಬ್ಬರು ತಾವೇ ಕೊಳ್ಳಲೂಬಹುದು. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಬ್ಯಾಂಕಿಗೆ ನಿಮ್ಮ ವಿರಸ ಸಂಬಂಧಿಸಿದ್ದಲ್ಲ. ಮನೆ ಬಿಟ್ಟು ಹೋದವರೂ ಪೂರ್ತಿ ಸಾಲಕ್ಕೆ ಹೊಣೆಯೇ.

ಬಹುಕಾಲ ಜತೆಗೆ ಬಾಳಿದವರನ್ನು ಮದುವೆಯಾದವರೆಂದೇ ಭಾವಿಸುವ ಹಳೆಯ ತತ್ವವೊಂದು ನಮ್ಮ ನ್ಯಾಯಾಲಯಗಳಲ್ಲಿದೆ. ಸುಮಾರು 50 ವರ್ಷ ಒಟ್ಟಿಗಿದ್ದ ಜೋಡಿಯೊಂದರ ವಿಷಯದಲ್ಲಿ 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಅರ್ಧ ಶತಮಾನದ ಮೇಲೆ ಮದುವೆಯ ಸಾಕ್ಷಿ ಕೇಳುವುದು ನ್ಯಾಯವಲ್ಲ ಎಂಬ ನಿಲುವು ತಳೆದರು. 2022ರ ಜೂನ್‌ನಲ್ಲಿ ಕನ್ನಡಿಗರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರಿದ್ದ ಪೀಠ ಕೇರಳದ ಪ್ರಕರಣವೊಂದರಲ್ಲಿ ಇದೇ ತತ್ವದ ಮೇಲೆ ಮಗನಿಗೆ ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು. ಊರಿನವರೆಲ್ಲ ಗಂಡ ಹೆಂಡತಿ ಎಂದೇ ತಿಳಿದಿದ್ದ ಹಳೆಯ ತಲೆಮಾರಿನವರಿಗೆ ಇದು ವರ. ತಾವು ಮದುವೆಯಾಗಿಲ್ಲ ಎಂದು ತಾವೇ ಹೇಳುವ ಇಂದಿನ ಜೋಡಿಗೆ ಇದರಿಂದ ಪ್ರಯೋಜನ ಕಡಿಮೆ. ಮಕ್ಕಳ ಪರವಾಗಿ ಕಾನೂನು ಒಂದಿಷ್ಟು ಮೃದುವಾಗಿದೆ. ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ, ಹಿಂದೂ ಅವಿಭಕ್ತ ಕುಟುಂಬದಲ್ಲಿ ತಂದೆ ಅಥವಾ ತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಎಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಅದೂ ಕರ್ನಾಟಕದಿಂದಲೇ ಹೋದ ಪ್ರಕರಣ.

ಉತ್ತರಾಖಂಡದಲ್ಲಿ 2025ರ ಜನವರಿ 27ರಿಂದ ಸಹಜೀವನವನ್ನು ನೋಂದಾಯಿಸುವುದು ಕಡ್ಡಾಯ. ಕೈಬಿಟ್ಟರೆ ಹೆಂಗಸು ಜೀವನಾಂಶ ಕೇಳಬಹುದು, ಮಕ್ಕಳು ಸಕ್ರಮ. ನೋಂದಾಯಿಸದಿದ್ದರೆ ಮೂರು ತಿಂಗಳವರೆಗೆ ಜೈಲು. ಜೋಡಿಗಳ ಬಾಗಿಲಿಗೆ ಸರ್ಕಾರವನ್ನು ಕರೆತರುವ ಈ ದಾರಿ ನನಗೆ ಒಪ್ಪಿಗೆಯಿಲ್ಲ. ಅಷ್ಟೆಲ್ಲ ಮಾಡಿಯೂ ಬೇರೆಯಾದಾಗ ಮನೆ ಯಾರಿಗೆ ಎಂಬ ಪ್ರಶ್ನೆ ಅಲ್ಲಿ ಹಾಗೆಯೇ ಉಳಿದಿದೆ. ಆಸ್ಟ್ರೇಲಿಯಾದ ಬಹುತೇಕ ಕಡೆ 2009ರಿಂದ, ಎರಡು ವರ್ಷ ಒಟ್ಟಿಗೆ ಬಾಳಿದವರು ಬೇರೆಯಾದರೆ, ಹೆಸರು ಯಾರದ್ದೇ ಇರಲಿ, ನ್ಯಾಯಾಲಯ ಆಸ್ತಿ ಹಂಚಬಹುದು. ಮನೆಗೆಲಸ, ಮಕ್ಕಳ ಆರೈಕೆಯನ್ನೂ ಪಾಲಿನ ಲೆಕ್ಕಕ್ಕೆ ಹಿಡಿಯುತ್ತಾರೆ. ಮೆಲ್ಬರ್ನ್, ಸಿಡ್ನಿಯಲ್ಲಿ ಮಕ್ಕಳಿರುವ ಕನ್ನಡದ ಅಪ್ಪ ಅಮ್ಮಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ನಮ್ಮ ಸಂಸತ್ತು ನೋಡಬೇಕಾದದ್ದು ಆ ಕಡೆಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಲಿಂಗದ ಜೋಡಿಗಳಿಗಂತೂ ಮದುವೆಯ ದಾರಿಯೇ ಇಲ್ಲವೆಂದು 2023ರ ಅಕ್ಟೋಬರ್‌ನಲ್ಲಿ ಸಂವಿಧಾನ ಪೀಠ ಹೇಳಿಬಿಟ್ಟಿದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ಅವರ ಮಟ್ಟಿಗೆ ಬರೆದಿಟ್ಟ ಕಾಗದವೇ ಎಲ್ಲ.

ಕಾನೂನು ಬರುವತನಕ ನಮಗೂ ಕಾಗದವೇ ಗತಿ. ಕ್ರಯಪತ್ರದಲ್ಲಿ ಇಬ್ಬರ ಹೆಸರು ಮಾತ್ರವಲ್ಲ, ಯಾರ ಪಾಲು ಶೇಕಡ ಎಷ್ಟು ಎಂಬುದನ್ನೂ ಬರೆಸಿ. ಒಬ್ಬರು ಕಂತು, ಒಬ್ಬರು ಮನೆಖರ್ಚು ಎಂಬ ಏರ್ಪಾಡು ಬೇಡ. ಎರಡೂ ಖಾತೆಗಳಿಂದ ಕಂತಿಗೂ ಹೋಗಲಿ, ದಿನಸಿಗೂ ಹೋಗಲಿ. ಆಸ್ತಿಯ ಖಾತಾ ಮಾಲೀಕತ್ವದ ದಾಖಲೆಯಲ್ಲ, ಅದನ್ನು ನಂಬಿ ಕೂರಬೇಡಿ. ಮನೆ ಮಾರಿದರೆ ಹಣ ಹೇಗೆ ಹಂಚಬೇಕು, ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಯಾವ ಬೆಲೆಗೆ ಕೊಳ್ಳಬಹುದು ಎಂದು ಒಂದು ಒಪ್ಪಂದ ಮಾಡಿಕೊಳ್ಳಿ. ಆ ಒಪ್ಪಂದ ಆಸ್ತಿಯ ಬಗ್ಗೆ ಮಾತ್ರ ಇರಲಿ. ಜತೆಗೆ ಇರುವುದಕ್ಕೆ ಪ್ರತಿಫಲ ಎಂಬ ಅರ್ಥ ಬಂದರೆ, ನೀತಿಗೆ ವಿರುದ್ಧವಾದ ಕರಾರು ಅನೂರ್ಜಿತ ಎನ್ನುವ 1872ರ ಕರಾರು ಕಾಯ್ದೆಯ 23ನೆಯ ಕಲಮನ್ನು ಎದುರು ಪಕ್ಷ ಹಿಡಿಯುತ್ತದೆ. ಭೋಗ್ಯದ ಕರಾರಿನಲ್ಲೂ ಇಬ್ಬರ ಸಹಿ ಇರಲಿ. ಇದನ್ನೆಲ್ಲ ಕೇಳಿದರೆ ನಂಬಿಕೆಯಿಲ್ಲ ಅಂದುಕೊಳ್ಳುತ್ತಾರೆ ಎಂಬ ಹಿಂಜರಿಕೆ ಸಹಜ. ಅಣ್ಣ ತಮ್ಮಂದಿರು ಪಾಲುಪತ್ರ ಬರೆಸಿಕೊಂಡ ಮೇಲೂ ಒಂದೇ ಪಂಕ್ತಿಯಲ್ಲಿ ಕೂತು ಹಬ್ಬದೂಟ ಉಣ್ಣುವುದನ್ನು ನಾವು ನೋಡಿಲ್ಲವೇ?

ನನ್ನ ಗೆಳತಿಗೆ ಕೊನೆಗೆ ಸಿಕ್ಕಿದ್ದು ಫ್ರಿಜ್ಜು, ವಾಷಿಂಗ್ ಮಷೀನು ಮತ್ತು ಕಪಾಟುಗಳಿಗಾಗಿ ಅವಳ ಖಾತೆಯಿಂದ ಬಡಗಿಗೆ ನೇರವಾಗಿ ಹೋಗಿದ್ದ ಹಣದಲ್ಲಿ ಒಂದು ಭಾಗ. ಅದನ್ನಾದರೂ ಕೊಡಿಸಿದ್ದು ಬ್ಯಾಂಕಿನ ಸ್ಟೇಟ್‌ಮೆಂಟು, ಆ ಕವರಿನ ರಸೀದಿಗಳಲ್ಲ.

ಇಂಥ ಪರಿಸ್ಥಿತಿಯಲ್ಲಿ ನೀವೋ ನಿಮ್ಮ ಮನೆಯ ಹುಡುಗಿಯೋ ಇದ್ದರೆ, ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಅದರ ಕಚೇರಿ ಇದೆ. ಸಹಾಯವಾಣಿ ಸಂಖ್ಯೆ 15100.